ಕೌದಿಯ ಚೌಕಕ್ಕೆ ಕಸೂತಿ ಡಿಸೈನ್ ಇಳಿಸಲು ಯಾವ ದಾರಿ ಒಳ್ಳೆಯದು?

ಎರಡು ವರ್ಷದ ಹಿಂದೆ ತಂಗಿಯ ಮಗುವಿಗೆಂದು ಒಂದು ಕೌದಿ ಹೊಲಿದೆ. 16 ಚೌಕ, ಒಂದೊಂದು ಚೌಕದಲ್ಲೂ ಒಂದು ಹಕ್ಕಿ. ನೀರು ತಾಗಿದರೆ ಹೋಗುವ ನೀಲಿ ಪೆನ್ನಿನಲ್ಲಿ ಹಕ್ಕಿ ಬರೆದುಕೊಂಡು, ಎರಡು ತಿಂಗಳು ಬಿಡುವಾದಾಗಲೆಲ್ಲ ಕೂತು ದಾರ ತುಂಬಿದೆ. ಆಮೇಲೆ ಚೌಕಗಳನ್ನು ಒಂದಕ್ಕೊಂದು ಸೇರಿಸಿ, ಪ್ರತಿ ಜೋಡಣೆಯನ್ನೂ ಬಿಸಿ ಇಸ್ತ್ರಿಯಲ್ಲಿ ಒತ್ತಿ ಕೂರಿಸಿದೆ. ಹತ್ತಿಯ ಪದರ, ಹಿಂಬಟ್ಟೆ ಸೇರಿಸಿ ಹೊಲಿದು ಮುಗಿಸಿ, ಕೊನೆಗೆ ನೀರಿಗೆ ಹಾಕಿದೆ. ನೀಲಿ ಹೋಯಿತು. ಆದರೆ ಕೊಕ್ಕಿನ ತುದಿ, ರೆಕ್ಕೆಯ ಅಂಚು, ಹೀಗೆ ದಾರ ಮುಚ್ಚದ ಕಡೆಯಲ್ಲೆಲ್ಲ ತೆಳ್ಳಗಿನ ಕಂದು ಗೆರೆ ಉಳಿಯಿತು. ಎಷ್ಟು ತೊಳೆದರೂ ಹೋಗಲಿಲ್ಲ.

ಪೆನ್ ಕೆಟ್ಟದ್ದಾಗಿರಲಿಲ್ಲ. ನೀರಿಗಿಂತ ಮೊದಲು ನಾನು ಅದಕ್ಕೆ ಬಿಸಿ ತಾಗಿಸಿದ್ದೆ.

ಬರೀ ಕಸೂತಿ ಮಾಡುವವರಿಗೂ ಕೌದಿ ಹೊಲಿಯುವವರಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಮೇಜಿನ ಬಟ್ಟೆಗೆ ಹೂ ಹಾಕುವಾಗ ಬರೆಯುತ್ತೇವೆ, ಹೊಲಿಯುತ್ತೇವೆ, ತೊಳೆಯುತ್ತೇವೆ, ಕೊನೆಗೆ ಇಸ್ತ್ರಿ. ಕೌದಿಯಲ್ಲಿ ಹಾಗಲ್ಲ. ಹೊಲಿದ ಚೌಕಕ್ಕೆ ಇಸ್ತ್ರಿ, ಅಳತೆಗೆ ಕತ್ತರಿಸಿದ ಮೇಲೆ ಇಸ್ತ್ರಿ, ಸಾಲು ಜೋಡಿಸಿದಾಗ ಇಸ್ತ್ರಿ, ಸಾಲಿಗೆ ಸಾಲು ಸೇರಿಸಿದಾಗ ಮತ್ತೆ ಇಸ್ತ್ರಿ. ನೀರು ಬರುವುದು ಎಲ್ಲಕ್ಕಿಂತ ಕೊನೆಗೆ, ಕೆಲವೊಮ್ಮೆ ತಿಂಗಳುಗಳ ನಂತರ. ಹಾಗಾಗಿ ಕೌದಿಗೆ ಡಿಸೈನ್ ಇಳಿಸುವಾಗ ಗೆರೆ ಎಷ್ಟು ಚೆನ್ನಾಗಿ ಮೂಡುತ್ತದೆ ಅನ್ನುವುದನ್ನು ಆಮೇಲೆ ನೋಡಿ. ಅದು ಹೇಗೆ ಹೋಗುತ್ತದೆ, ಯಾವಾಗ ಹೋಗಬೇಕು ಅಂತ ಮೊದಲು ಕೇಳಿಕೊಳ್ಳಿ. ನಾನು ಮುಂದೆ ಒಂದೊಂದು ವಿಧಾನವನ್ನೂ ಈ ಪ್ರಶ್ನೆ ಇಟ್ಟುಕೊಂಡೇ ತೂಗಿ ನೋಡಿದ್ದೇನೆ.

ಗೆರೆಯೇ ಬೇಡದ ಕೆಲಸಗಳು

ಧಾರವಾಡದ ಕಡೆಯ ಕಸೂತಿ ಹಾಕುವವರಿಗೆ ಈ ತಲೆನೋವು ಇಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತೆ, ಈ ನಾಲ್ಕೂ ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆಗಳು. ತೇರು, ಗೋಪುರ, ತುಳಸಿಕಟ್ಟೆ, ಆನೆ, ನವಿಲು ಎಲ್ಲವೂ ಎಣಿಕೆಯಲ್ಲೇ ಮೂಡಬೇಕು. ಬಟ್ಟೆಯ ಮೇಲೆ ಗೆರೆ ಎಳೆದುಕೊಂಡು ಈ ಕಸೂತಿ ಹಾಕಿದರೆ ಕೋನಗಳು ತಪ್ಪುತ್ತವೆ. ಮ್ಯಾಟಿ ಬಟ್ಟೆಯಲ್ಲಿ ಎಳೆ ಎಣಿಸುವುದು ಸುಲಭ. ಕೌದಿಗೆ ಬಳಸುವ ಪಾಪ್ಲಿನ್‌ನಲ್ಲಿ ಕಣ್ಣು ಸೋಲುತ್ತದೆ. ಅಂಥ ಕಡೆ ಬಟ್ಟೆಯ ಮೇಲೆ ಚೌಕಳಿ ಕ್ಯಾನ್ವಾಸ್ ಬಿಗಿಯಾಗಿ ಟಾಕಿ, ಅದರ ಕಣ್ಣು ಎಣಿಸಿ ಹೊಲಿದು, ಮುಗಿದ ಮೇಲೆ ಸ್ವಲ್ಪ ಒದ್ದೆ ಮಾಡಿ ಕ್ಯಾನ್ವಾಸ್‌ನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಇದಕ್ಕೆಂದೇ ಸಿಗುವ, ಒದ್ದೆಯಾದರೆ ಎಳೆ ಸಡಿಲವಾಗುವ ಕ್ಯಾನ್ವಾಸನ್ನೇ ತೆಗೆದುಕೊಳ್ಳಿ. ಮಾಮೂಲಿ ಕ್ಯಾನ್ವಾಸ್ ಹಾಕಿದರೆ ಎಳೆ ಎಳೆಯುವಾಗ ಹೊಲಿಗೆಯೂ ಜೊತೆಗೆ ಬರುತ್ತದೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗೂ ಗುರುತು ಬೇಕಿಲ್ಲ. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಇಡುತ್ತಾ, ಸುತ್ತು ಸುತ್ತಾಗಿ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಒಂದು ಸುತ್ತಿನ ಹೊಲಿಗೆಯೇ ಮುಂದಿನ ಸುತ್ತಿಗೆ ಗೆರೆ. ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ, ಅಷ್ಟು ಚೆಂದ.

ಉಳಿದ ಹೂ, ಬಳ್ಳಿ, ಹಕ್ಕಿ, ಹೆಸರು, ಬಾಗಿದ ಗೆರೆ ಇರುವ ಯಾವುದೇ ಡಿಸೈನ್‌ಗೆ ಇಳಿಸುವ ಕೆಲಸ ಇದ್ದೇ ಇದೆ.

ಬೆಳಕಿನ ಮೇಲಿಟ್ಟು ಬರೆಯುವುದು

ಬಿಳಿ, ಕೆನೆಬಣ್ಣ, ತಿಳಿ ಬಣ್ಣದ ಬಟ್ಟೆಗೆ ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಡಿಸೈನನ್ನು ಕಾಗದದ ಮೇಲೆ ಕಪ್ಪು ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದು, ಕಿಟಕಿಯ ಗಾಜಿಗೆ ಅಂಟಿಸಿ. ಅದರ ಮೇಲೆ ಬಟ್ಟೆ ಅಂಟಿಸಿ. ಬೆಳಗಿನ ಬೆಳಕಿಗೆ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಕೈ ಮೇಲೆತ್ತಿ ಬರೆದು ಭುಜ ನೋಯುತ್ತದೆ ಅನ್ನುವವರು ಗಾಜಿನ ಟೀಪಾಯಿಯ ಕೆಳಗೆ ಒಂದು ಬಲ್ಬ್ ಇಟ್ಟುಕೊಳ್ಳಬಹುದು. ಮಲ್ಮಲ್, ಪಾಪ್ಲಿನ್‌ಗೆ ಇದು ಸಾಕು. ದಪ್ಪ ಖಾದಿಗೆ ರಾತ್ರಿ ಕೋಣೆಯ ದೀಪ ಆರಿಸಿ ಬರೀ ಕೆಳಗಿನ ಬಲ್ಬಿನ ಬೆಳಕಿನಲ್ಲಿ ಬರೆದರೆ ಕಾಣುತ್ತದೆ.

ಇಳಿಸುವುದೇನೋ ಸುಲಭ. ಯಾವುದರಲ್ಲಿ ಬರೆಯುತ್ತೀರಿ ಅನ್ನುವುದೇ ಮುಖ್ಯ.

ಮೊದಲು ನನಗೆ ಪಾಠ ಕಲಿಸಿದ ನೀಲಿ ಪೆನ್. ಗೆರೆ ಎದ್ದು ಕಾಣುತ್ತದೆ, ವಾರಗಟ್ಟಲೆ ನಿಲ್ಲುತ್ತದೆ, ತಣ್ಣೀರಿಗೆ ಹಾಕಿದರೆ ಹೋಗುತ್ತದೆ. ಈಗಲೂ ನಾನು ಜಾಸ್ತಿ ಬಳಸುವುದು ಇದನ್ನೇ. ಆದರೆ ಮೂರನ್ನು ಇದರ ಹತ್ತಿರ ಬಿಡಬಾರದು: ಇಸ್ತ್ರಿ, ಬಿಸಿಲು, ಸೋಪು. ಬಿಸಿ ತಾಗಿದರೆ ಗೆರೆ ಬಟ್ಟೆಯಲ್ಲಿ ಕೂತುಬಿಡುತ್ತದೆ. ಸಾದಾ ನೀರಿಗಿಂತ ಮೊದಲು ಸೋಪಿನ ಪುಡಿ ಹಾಕಿದರೆ ಬಣ್ಣ ಹಳದಿಗೋ ಕಂದಿಗೋ ತಿರುಗಬಹುದು. ಅದಕ್ಕೆ ಒಂದೊಂದು ಚೌಕದ ಹೊಲಿಗೆ ಮುಗಿದ ತಕ್ಷಣ, ಇಸ್ತ್ರಿಗೆ ಕೈ ಹಾಕುವ ಮೊದಲೇ, ಬಕೆಟ್ ತುಂಬ ತಣ್ಣೀರಿನಲ್ಲಿ ಮುಳುಗಿಸಿ.

ಮುಳುಗಿಸಿ ಅಂದದ್ದು ಯಾಕೆಂದರೆ, ಒದ್ದೆ ಬಟ್ಟೆಯಲ್ಲಿ ಮೇಲಿಂದ ಒರೆಸಿ ಬಿಟ್ಟರೆ ನೀಲಿ ಕಣ್ಣಿಗೆ ಕಾಣದಂತಾಗುತ್ತದೆ ಅಷ್ಟೆ. ಹನಿ ನೀರಿನ ಜೊತೆ ಅದು ಪಕ್ಕಕ್ಕೆ, ಕೆಳಕ್ಕೆ ಸರಿದಿರುತ್ತದೆ. ಕೌದಿ ಪೂರ್ತಿ ಹೊಲಿದ ಮೇಲೆ ಹೀಗೆ ಒರೆಸಿದರೆ ಬಣ್ಣ ಒಳಗಿನ ಹತ್ತಿಯ ಪದರಕ್ಕೆ ಇಳಿದು, ಒಣಗುವಾಗ ಮತ್ತೆ ಮೇಲೆ ಬರುತ್ತದೆ. ಹಾಗೆ ಮರಳಿ ಬಂದರೆ ಗಾಬರಿ ಬೇಡ, ಇನ್ನೊಮ್ಮೆ ಜಾಸ್ತಿ ನೀರಿನಲ್ಲಿ ನೆನೆಸಿದರೆ ಹೋಗುತ್ತದೆ. ಬಿಸಿಗೆ ಕೂತ ಗೆರೆ ಮಾತ್ರ ಬೇರೆ. ತಂಗಿಯ ಮಗುವಿನ ಕೌದಿಯಲ್ಲಿ ಕೊನೆಗೆ ನಾನು ಕಂದು ಗೆರೆಯ ಮೇಲೇ ಒಂದೆಳೆ ಕಂದು ದಾರದಲ್ಲಿ ಸಣ್ಣ ಓಟದ ಹೊಲಿಗೆ ಹಾಕಿದೆ. ಹಕ್ಕಿಗಳಿಗೆ ಅಂಚು ಬಂದಂತಾಯಿತು.

ತಾನಾಗಿಯೇ ಮಾಯವಾಗುವ ನೇರಳೆ ಪೆನ್ ಇನ್ನೊಂದು. ಗಾಳಿಗೇ ಗೆರೆ ಹೋಗುತ್ತದೆ. ಸಾಮಾನ್ಯವಾಗಿ ಒಂದೆರಡು ದಿನ ಇರುತ್ತದೆ, ತೇವ ಜಾಸ್ತಿ ಇದ್ದರೆ ಬೇಗ ಹೋಗುತ್ತದೆ. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಬೆಳಿಗ್ಗೆ ಬರೆದದ್ದು ಸಂಜೆಯ ಹೊತ್ತಿಗೆ ಇರುತ್ತದೆ ಅಂತ ನಂಬಿ ಕೂರಬೇಡಿ. ಒಂದೇ ಕೂತಿನಲ್ಲಿ ಮುಗಿಯುವ ಪುಟ್ಟ ಹೂವಿಗೆ, ಹೆಸರಿನ ಎರಡಕ್ಷರಕ್ಕೆ ಇದು ಸರಿ. ದೊಡ್ಡ ಚೌಕಕ್ಕೆ ಬೇಡ. ಮಾಯವಾದ ಮೇಲೂ ಶಾಯಿಯ ಮದ್ದು ಬಟ್ಟೆಯಲ್ಲೇ ಇರುತ್ತದೆ, ಆದ್ದರಿಂದ ಇಸ್ತ್ರಿಗೆ ಮೊದಲು ಇದನ್ನೂ ಒಮ್ಮೆ ನೀರಿನಲ್ಲಿ ಜಾಲಿಸಿ.

ಇಸ್ತ್ರಿಯ ಬಿಸಿಗೆ ಅಳಿಸಿಹೋಗುವ ಪೆನ್ ಬಂದ ಮೇಲೆ ಕೌದಿ ಹೊಲಿಯುವವರಿಗೆ ಬಹಳ ಖುಷಿಯಾಯಿತು. ಹೇಗಿದ್ದರೂ ಇಸ್ತ್ರಿ ಮಾಡುತ್ತೇವೆ, ಗೆರೆಯೂ ಹೋಗುತ್ತದೆ, ನೀರೇ ಬೇಡ. ಕೇಳಲು ಚೆನ್ನಾಗಿದೆ. ಆದರೆ ಈ ಶಾಯಿ ಹೋಗುವುದಿಲ್ಲ, ಬಣ್ಣ ಕಳೆದುಕೊಳ್ಳುತ್ತದೆ ಅಷ್ಟೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬಣ್ಣವಿಲ್ಲದಂತಾಗುತ್ತದೆ, ಮೈನಸ್ 10ಕ್ಕಿಂತ ಕೆಳಗೆ ತಣ್ಣಗಾದರೆ ಮತ್ತೆ ಕಾಣಿಸಿಕೊಳ್ಳಬಹುದು. ಒಂದು ತುಂಡು ಬಟ್ಟೆಯ ಮೇಲೆ ಬರೆದು, ಇಸ್ತ್ರಿ ಮಾಡಿ, ಒಂದು ರಾತ್ರಿ ಫ್ರಿಜ್‌ನ ಫ್ರೀಜರ್‌ನಲ್ಲಿಟ್ಟು ನೋಡಿ. ನಾನು ಹಾಗೆ ಇಟ್ಟಿದ್ದ ತುಂಡಿನಲ್ಲಿ ಬೆಳಿಗ್ಗೆ ಎಲೆಯ ನರಗಳೂ ಸಹಿತ ಪೂರ್ತಿ ಡಿಸೈನ್ ವಾಪಸ್ ಬಂದಿತ್ತು. ಮೈಸೂರಿನ ಮನೆಯಲ್ಲಿ ಹೊದೆಯುವ ಕೌದಿಗೆ ಇದರಿಂದ ತೊಂದರೆ ಇಲ್ಲ. ಆದರೆ ಕೆನಡಾದಲ್ಲೋ ಅಮೆರಿಕದ ಮಿನೆಸೋಟಾದಲ್ಲೋ ಇರುವ ಮೊಮ್ಮಗುವಿಗೆ ಪಾರ್ಸೆಲ್ ಮಾಡುತ್ತೀರಿ ಅಂದುಕೊಳ್ಳಿ. ಚಳಿಗಾಲದಲ್ಲಿ ಅದು ಬಾಗಿಲ ಮುಂದೆ ಒಂದು ರಾತ್ರಿ ಬಿದ್ದಿದ್ದರೂ ಸಾಕು. ಮತ್ತೆ ಇಸ್ತ್ರಿ ಮಾಡಿದರೆ ಹೋಗುತ್ತದೆ, ನಿಜ. ಆದರೆ ಉಡುಗೊರೆ ಬಿಚ್ಚುವವರಿಗೆ ಇದು ಗೊತ್ತಿರಬೇಕಲ್ವಾ? ಇನ್ನೊಂದು ಮಾತು: ಕಡು ಬಣ್ಣದ ಬಟ್ಟೆಯ ಮೇಲೆ ಈ ಪೆನ್ ಬಿಳಿಚಿದ ಗೆರೆ ಉಳಿಸುವುದುಂಟು. ಅದು ಇಸ್ತ್ರಿಗೂ ಹೋಗುವುದಿಲ್ಲ. ದಾರ ಪೂರ್ತಿ ಮುಚ್ಚುವ ಗೆರೆಗೆ ಮಾತ್ರ ನಾನು ಇದನ್ನು ಬಳಸುತ್ತೇನೆ.

ಸಾದಾ ಪೆನ್ಸಿಲ್ಲನ್ನು ಮರೆಯಬೇಡಿ. ಮೊನೆ ಸಣ್ಣಗಿರಲಿ, ಕೈ ಹಗುರಾಗಿರಲಿ. ಬಿಸಿಗೂ ಚಳಿಗೂ ಇದಕ್ಕೆ ಏನೂ ಆಗುವುದಿಲ್ಲ. ಎರಡೆಳೆ ದಾರದ ಕಾಂಡದ ಹೊಲಿಗೆ ಅಥವಾ ಸರಪಳಿ ಹೊಲಿಗೆ ಸಣ್ಣ ಪೆನ್ಸಿಲ್ ಗೆರೆಯನ್ನು ಸಲೀಸಾಗಿ ಮುಚ್ಚುತ್ತದೆ. ತೊಳೆದರೆ ಪೂರ್ತಿ ಹೋಗುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ. ಬಿಳಿ, ತಿಳಿ ಗುಲಾಬಿ ದಾರಕ್ಕೆ ಪೆನ್ಸಿಲ್‌ನ ಕಪ್ಪು ಹತ್ತಿ ದಾರ ಕೊಳೆಯಾದಂತೆ ಕಾಣುತ್ತದೆ.

ಕಾರ್ಬನ್

ಕಡು ಬಣ್ಣದ ಬಟ್ಟೆಗೆ ಬೆಳಕಿನ ದಾರಿ ನಡೆಯುವುದಿಲ್ಲ. ಆಗ ಹೆಚ್ಚಿನವರು ಕಾರ್ಬನ್ ಹುಡುಕುತ್ತಾರೆ. ಆಫೀಸಿನಲ್ಲಿ ಬಿಲ್ ಬರೆಯುವ ನೀಲಿ, ಕಪ್ಪು ಕಾರ್ಬನ್ ಬೇಡವೇ ಬೇಡ. ಅದರ ಜಿಡ್ಡು ಬಣ್ಣ ಹತ್ತಿಬಟ್ಟೆಗೆ ಹಿಡಿದರೆ ಬಿಡುವುದಿಲ್ಲ, ಬರೆಯುವ ಕೈ ಒತ್ತಿದ ಕಡೆಯೆಲ್ಲ ಮಸಿಯಾಗುತ್ತದೆ. ಫ್ಯಾನ್ಸಿ ಸ್ಟೋರಿನಲ್ಲಿ ಕಸೂತಿಗೆಂದೇ ಬಿಳಿ, ಹಳದಿ, ಕೆಂಪು ಕಾರ್ಬನ್ ಹಾಳೆ ಸಿಗುತ್ತವೆ, ಅದನ್ನೇ ಕೇಳಿ. ಬಟ್ಟೆಯ ಕೆಳಗೆ ಗಟ್ಟಿ ಹಲಗೆ ಇರಬೇಕು, ಹಾಸಿಗೆಯ ಮೇಲಿಟ್ಟು ಬರೆದರೆ ಗೆರೆ ಇಳಿಯುವುದಿಲ್ಲ. ಶಾಯಿ ಮುಗಿದ ಬಾಲ್‌ಪೆನ್ ರೀಫಿಲ್ ಒತ್ತಿ ಬರೆಯಲು ಚೆನ್ನಾಗಿರುತ್ತದೆ, ಮೂಲ ಹಾಳೆಯೂ ಹಾಳಾಗುವುದಿಲ್ಲ.

ಬಿಳಿ ಕಾರ್ಬನ್‌ನ ಗೆರೆ ಕೈ ಆಡಿದಂತೆ ಉದುರಿಹೋಗುತ್ತದೆ. ದೊಡ್ಡ ಚೌಕವಾದರೆ ಅರ್ಧ ಹೊಲಿಯುವಷ್ಟರಲ್ಲಿ ಉಳಿದರ್ಧ ಮಾಸಿರುತ್ತದೆ. ಇಳಿಸಿದ ಕೂಡಲೇ ಸೀಮೆಸುಣ್ಣದ ಪೆನ್ಸಿಲ್‌ನಲ್ಲಿ ಒಮ್ಮೆ ತೀಡಿಕೊಳ್ಳುವುದು ಒಳ್ಳೆಯದು. ಹಳದಿ, ಕೆಂಪು ಕಾರ್ಬನ್‌ದು ಇದಕ್ಕೆ ಉಲ್ಟಾ ತೊಂದರೆ. ತಿಳಿ ಬಟ್ಟೆಯ ಮೇಲೆ ಅದು ಹಟ ಹಿಡಿದು ಕೂರಬಹುದು. ಕಣ್ಣಿಗೆ ಕಾಣುವಷ್ಟು ಮಾತ್ರ ಬೇರೆಯಾಗಿರುವ ಬಣ್ಣ ಆರಿಸಿ, ಎದ್ದು ಕಾಣಲಿ ಅಂತ ಕಡುಬಣ್ಣಕ್ಕೆ ಹೋಗಬೇಡಿ.

ಚುಚ್ಚಿದ ಕಾಗದ: ನನ್ನ ಮೆಚ್ಚಿನದು

ನಮ್ಮತ್ತೆ ಗದಗಿನವರು. ಅವರ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಒಂದು ಕಟ್ಟು ಬಟರ್ ಪೇಪರ್ ಇತ್ತು. ಬೆಳಕಿಗೆ ಹಿಡಿದರೆ ಒಂದೊಂದು ಹಾಳೆಯಲ್ಲೂ ನಕ್ಷತ್ರ ಚೆಲ್ಲಿದಂತೆ ಸಣ್ಣ ಸಣ್ಣ ತೂತು. ಮಾವಿನಕಾಯಿ, ಬಳ್ಳಿ, ಕಮಲ. ದಿಂಬಿನ ಚೀಲ, ಲಂಗ, ಸೆರಗು ಎಲ್ಲಕ್ಕೂ ಅದೇ ಹಾಳೆಗಳಿಂದ ಡಿಸೈನ್ ಇಳಿದಿತ್ತು. ಒಮ್ಮೆ ಚುಚ್ಚಿದ ಹಾಳೆ ಹತ್ತಾರು ಸಲ ಬರುತ್ತದೆ. ಒಂದೇ ಡಿಸೈನನ್ನು 16 ಚೌಕಕ್ಕೋ 30 ಚೌಕಕ್ಕೋ ಇಳಿಸಬೇಕಾದ ಕೌದಿಗೆ ಇದಕ್ಕಿಂತ ಸರಿಯಾದ ದಾರಿ ನನಗೆ ಕಂಡಿಲ್ಲ. ಜರಿ ಕೆಲಸದವರು ಇವತ್ತಿಗೂ ಹೀಗೆಯೇ ಇಳಿಸುತ್ತಾರೆ.

ಮಾಡುವ ಬಗೆ ಹೀಗೆ. ಬಟರ್ ಪೇಪರ್ ಅಥವಾ ಟ್ರೇಸಿಂಗ್ ಪೇಪರ್ ಮೇಲೆ ಡಿಸೈನ್ ಬರೆದುಕೊಳ್ಳಿ. ಮಡಿಚಿದ ಕಂಬಳಿಯ ಮೇಲಿಡಿ. ಸಣ್ಣ ಸೂಜಿಯ ಹಿಂಭಾಗವನ್ನು ಬಾಟಲಿಯ ಬಿರಡೆಗೆ ಚುಚ್ಚಿ ಹಿಡಿಕೆ ಮಾಡಿಕೊಂಡು, ಗೆರೆಯ ಗುಂಟ ನೆಟ್ಟಗೆ ಚುಚ್ಚುತ್ತಾ ಹೋಗಿ. ಒಂದಿಂಚಿಗೆ ಹತ್ತು ಹನ್ನೆರಡು ತೂತು ಸಾಕು. ಬಾಗಿದ ಕಡೆ ಹತ್ತಿರ ಹತ್ತಿರ ಇರಲಿ. "ಅವಸರ ಮಾಡಬ್ಯಾಡವ್ವಾ, ತೂತು ಹರಿದ್ರ ಗೆರಿ ಹರದಂಗ" ಅಂತ ಅತ್ತೆ ಹೇಳುತ್ತಿದ್ದರು. ಎರಡು ತೂತು ಸೇರಿ ಸೀಳಾದರೆ ಅಲ್ಲಿ ಪುಡಿ ಸುರಿದು ಮುದ್ದೆಯಾಗುತ್ತದೆ. ಚುಚ್ಚಿ ಮುಗಿದ ಮೇಲೆ ಹಾಳೆ ಮಗುಚಿ ಬೆರಳಾಡಿಸಿ. ತೂತಿನ ಅಂಚು ಒರಟೊರಟಾಗಿ ಎದ್ದಿರುತ್ತದೆ. ಅದನ್ನು ನಯವಾದ ಉಪ್ಪುಕಾಗದದಿಂದ ಮೆಲ್ಲಗೆ ತೀಡಿದರೆ ತೂತುಗಳು ಬಾಯಿ ಬಿಡುತ್ತವೆ. ಈ ಕೆಲಸ ಬಿಟ್ಟರೆ ಪುಡಿ ಇಳಿಯುವುದೇ ಇಲ್ಲ.

ಇಳಿಸಲು ಎರಡು ಬಗೆ. ಒಂದು, ಒಣಪುಡಿ. ಕಡು ಬಟ್ಟೆಗೆ ಸೀಮೆಸುಣ್ಣದ ಪುಡಿ, ತಿಳಿ ಬಟ್ಟೆಗೆ ಇದ್ದಿಲಿನ ಪುಡಿಯನ್ನು ಸ್ವಲ್ಪ ಸೀಮೆಸುಣ್ಣದ ಪುಡಿಯ ಜೊತೆ ಬೆರೆಸಿ. ಹಳೆಯ ಬನಿಯನ್ನಿನ ಚೂರಿನಲ್ಲಿ ಗಂಟು ಕಟ್ಟಿ ತೂತಿನ ಮೇಲೆ ತಟ್ಟಿ, ಉಜ್ಜಬೇಡಿ. ಹಾಳೆ ನೆಟ್ಟಗೆ ಮೇಲೆತ್ತಿದರೆ ಕೆಳಗೆ ಚುಕ್ಕಿ ಸಾಲು. ಒಂದು ಸಲ ಊದಿದರೂ ಅದು ಹಾರಿಹೋಗುತ್ತದೆ, ಹಾಗಾಗಿ ತಕ್ಷಣ ಪೆನ್ಸಿಲ್‌ನಲ್ಲೋ ಪೆನ್ನಿನಲ್ಲೋ ಚುಕ್ಕಿ ಸೇರಿಸಬೇಕು. ಫ್ಯಾನ್ ಆರಿಸಿಕೊಂಡೇ ಈ ಕೆಲಸಕ್ಕೆ ಕೂರಿ. ಇನ್ನೊಂದು ಬಗೆಯಲ್ಲಿ ಬಟ್ಟೆಗೆ ಹಾಕುವ ನೀಲಿ ಪುಡಿ ಅಥವಾ ಬಿಳಿ ಜಿಂಕ್ ಪುಡಿಯನ್ನು ಸೀಮೆಎಣ್ಣೆಯಲ್ಲಿ ಕಲಸಿ, ಹತ್ತಿಯ ಉಂಡೆಯಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ತೂತಿನ ಮೇಲೆ ಒರೆಸುವುದು. ಸೀಮೆಎಣ್ಣೆ ಆರಿಹೋಗಿ ಬಣ್ಣ ಮಾತ್ರ ನಿಲ್ಲುತ್ತದೆ. ಗೆರೆ ಮುಟ್ಟಿದರೂ ಹೋಗುವುದಿಲ್ಲ, ತೊಳೆದರೆ ಹೋಗುತ್ತದೆ. ಉಂಡೆಯಲ್ಲಿ ಎಣ್ಣೆ ಜಾಸ್ತಿ ಇದ್ದರೆ ಮಾತ್ರ ಚುಕ್ಕಿಗಳು ಹರಡಿ ಒಂದಾಗುತ್ತವೆ. ಒಲೆ, ದೀಪದಿಂದ ದೂರ ಕೂತು ಮಾಡಿ. ವಾಸನೆ ಪೂರ್ತಿ ಹೋಗುವವರೆಗೆ ಇಸ್ತ್ರಿ ಮುಟ್ಟಿಸಬೇಡಿ. ಸೀಮೆಎಣ್ಣೆ ಈಗ ಮೊದಲಿನಷ್ಟು ಸುಲಭಕ್ಕೆ ಸಿಗುವುದಿಲ್ಲ, ಮಗುವಿನ ಹೊದಿಕೆಗೆ ಆ ವಾಸನೆಯೂ ಬೇಡ. ಆದ್ದರಿಂದ ನಾನು ಒಣಪುಡಿಗೇ ಬಂದಿದ್ದೇನೆ.

ಬಳಸಿದ ಮೇಲೆ ಹಾಳೆಯನ್ನು ಒರೆಸಿ, ಮಡಿಚದೆ ಸುತ್ತಿಡಿ. ಮಡಿಕೆಯ ಮೇಲೆ ತೂತು ಸೀಳುತ್ತದೆ.

ಲಖನೌದ ಚಿಕನ್ ಕೆಲಸದವರು ಇದೇ ತೊಂದರೆಗೆ ಬೇರೆ ದಾರಿ ಕಂಡುಕೊಂಡಿದ್ದಾರೆ. ಮರದ ಅಚ್ಚಿನಿಂದ ತೊಳೆದರೆ ಹೋಗುವ ನೀಲಿ ಬಣ್ಣದಲ್ಲಿ ಡಿಸೈನ್ ಒತ್ತಿ, ಅದರ ಮೇಲೆ ಹೊಲಿದು, ಕೊನೆಗೆ ತೊಳೆಯುತ್ತಾರೆ. ಒಂದೇ ಹೂ ನೂರು ಸಲ ಬೇಕಾದರೆ ಅಚ್ಚು ಕೆತ್ತಿಸಿದ್ದೂ ದಂಡವಾಗುವುದಿಲ್ಲ.

ಇಸ್ತ್ರಿಯಿಂದ ಒತ್ತುವ ಡಿಸೈನ್

ಅಮೆರಿಕದಲ್ಲಿ 19ನೇ ಶತಮಾನದ ಕೊನೆಯಿಂದ ಕೆಂಪು ದಾರದ ಕಸೂತಿ ಕೌದಿಗಳು ಬಹಳ ಜನಪ್ರಿಯವಾಗಿದ್ದವು. ಡಿಸೈನ್ ಅಚ್ಚಾಗಿರುವ ಬಿಳಿ ಬಟ್ಟೆಯ ಚೌಕ ಒಂದು ಪೆನ್ನಿ ನಾಣ್ಯಕ್ಕೆ, ಅಂದರೆ ಒಂದು ಸೆಂಟಿಗೆ, ಸಿಗುತ್ತಿತ್ತು, ಅದಕ್ಕೇ ಅವಕ್ಕೆ ಪೆನ್ನಿ ಚೌಕ ಅಂತಲೇ ಹೆಸರು. ಆ ಕೆಂಪು ದಾರವನ್ನೇ ಆರಿಸಿಕೊಳ್ಳಲು ಕಾರಣ ಅದು ಬಣ್ಣ ಬಿಡುತ್ತಿರಲಿಲ್ಲ ಅನ್ನುವುದು. ಗೆರೆಯ ಮೇಲೆ ಗೆರೆ ಹೊಲಿಯುವ ಕೆಲಸ, ಹಾಗಾಗಿ ಅಚ್ಚು ಉಳಿದರೂ ದಾರದ ಕೆಳಗೆ ಮರೆಯಾಗುತ್ತಿತ್ತು.

ಇಸ್ತ್ರಿಯಿಂದ ಒತ್ತಿ ಇಳಿಸುವ ಪೆನ್ಸಿಲ್, ಅಚ್ಚಾದ ಹಾಳೆಗಳನ್ನು ಬಳಸುವಾಗಲೂ ಇದೇ ಮಾತು ನೆನಪಿರಲಿ. ಈ ಗೆರೆ ಹೋಗುವುದಿಲ್ಲ, ಮುಚ್ಚಬೇಕು. ಡಿಸೈನ್ ಎಡಬಲ ಉಲ್ಟಾ ಇಳಿಯುತ್ತದೆ. ಹಕ್ಕಿ ಆ ಕಡೆ ನೋಡಿದರೆ ನಡೆದೀತು, ಮಗುವಿನ ಹೆಸರು ಉಲ್ಟಾ ಬಂದರೆ ಚೌಕವೇ ದಂಡ. ಮೊದಲು ಟ್ರೇಸಿಂಗ್ ಪೇಪರ್ ಮೇಲೆ ಬರೆದು, ಅದರ ಹಿಂಬದಿಯಲ್ಲಿ ಇಸ್ತ್ರಿ ಪೆನ್ಸಿಲ್ ಓಡಿಸಿ. ಒತ್ತುವಾಗ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಎತ್ತಿ ಇಡಿ. ಬಟ್ಟೆ ಇಸ್ತ್ರಿ ಮಾಡಿದಂತೆ ಜಾರಿಸಿದರೆ ಗೆರೆ ಎರಡೆರಡಾಗುತ್ತದೆ. ಜೋಡಣೆಯ ಇಸ್ತ್ರಿಗೆ ಹೆದರಬೇಕಿಲ್ಲ ಅನ್ನುವುದು ಕೌದಿಗೆ ಇದರ ದೊಡ್ಡ ಅನುಕೂಲ. ಸರಪಳಿ, ಕಾಂಡ, ತುಂಬು ಹೊಲಿಗೆ ಹಾಕುವವರು ಧೈರ್ಯವಾಗಿ ಬಳಸಬಹುದು. ಬಿಡಿ ಬಿಡಿ ಓಟದ ಹೊಲಿಗೆ ಹಾಕುವವರಿಗೆ ಬೇಡ, ಎರಡು ಹೊಲಿಗೆಯ ನಡುವೆ ಗೆರೆ ಇಣುಕುತ್ತದೆ.

ನೀರಿನಲ್ಲಿ ಕರಗುವ ಹಾಳೆ, ಹರಿದು ತೆಗೆಯುವ ಕಾಗದ

ಕಪ್ಪು ಬಟ್ಟೆ, ಒರಟೊರಟಾದ ಖಾದಿ, ಹಿಗ್ಗುವ ಬಟ್ಟೆ, ಇವುಗಳ ಮೇಲೆ ಯಾವ ಪೆನ್ನೂ ಓಡುವುದಿಲ್ಲ. ಅಲ್ಲಿಗೆ ನೀರಿನಲ್ಲಿ ಕರಗುವ ಅಂಟುಹಾಳೆ ಬಹಳ ಸಹಾಯ. ಡಿಸೈನನ್ನು ಹಾಳೆಯ ಮೇಲೆ ಬರೆದು, ಸ್ಟಿಕ್ಕರ್‌ನಂತೆ ಬಟ್ಟೆಗೆ ಅಂಟಿಸಿ, ಹಾಳೆಯ ಸಮೇತ ಹೊಲಿದು, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ಹಾಳೆ ಕರಗಿಹೋಗುತ್ತದೆ. ಬಟ್ಟೆಗೆ ಒಂದು ಗೆರೆಯೂ ತಾಗುವುದಿಲ್ಲ. ಆದರೆ ಬೆಲೆ ಜಾಸ್ತಿ, ಹೆಚ್ಚಾಗಿ ಆನ್‌ಲೈನ್‌ನಲ್ಲೇ ತರಿಸಬೇಕು. ಸೂಜಿಗೆ ಅಂಟು ಹಿಡಿಯುತ್ತದೆ, ಆಗಾಗ ಒರೆಸಿಕೊಳ್ಳುತ್ತಿರಬೇಕು. ಸರಿಯಾಗಿ ಕರಗದಿದ್ದರೆ ಒಣಗಿದ ಮೇಲೆ ಹೊಲಿಗೆ ಗಂಜಿ ಹಾಕಿದಂತೆ ಬಿರುಸಾಗುತ್ತದೆ. ಇದನ್ನು ಹಾಕಿದ ಚೌಕವನ್ನು ಜೋಡಿಸುವ ಮೊದಲೇ ತೊಳೆಯಬೇಕು, ಇನ್ನೊಂದು ಮಾತಿಲ್ಲ.

ಬಡವರ ಅಂಟುಹಾಳೆ ಅಂದರೆ ತೆಳು ಟಿಶ್ಯೂ ಕಾಗದ. ಡಿಸೈನ್ ಬರೆದ ಕಾಗದವನ್ನು ಬಟ್ಟೆಗೆ ಟಾಕಿ, ಗೆರೆಯ ಗುಂಟ ಬೇರೆ ಬಣ್ಣದ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ, ಕಾಗದ ಹರಿದು ತೆಗೆದುಬಿಡಿ. ಬಟ್ಟೆಯ ಮೇಲೆ ದಾರದ ಗೆರೆ ಉಳಿಯುತ್ತದೆ. ಹರಿಯುವ ಮೊದಲು ಸೂಜಿಯ ಮೊನೆಯಿಂದ ಹೊಲಿಗೆಯ ಪಕ್ಕ ಒಮ್ಮೆ ಗೀರಿದರೆ ಕಾಗದ ಸಲೀಸಾಗಿ ಬರುತ್ತದೆ, ಹೊಲಿಗೆ ಜಗ್ಗುವುದಿಲ್ಲ. ಚೂರುಗಳನ್ನು ಚಿಮಟಿಗೆಯಲ್ಲಿ ಹೆಕ್ಕಬೇಕು. ತಾಳ್ಮೆ ಬೇಡುವ ಕೆಲಸ. ಆದರೆ ಅಜ್ಜಿಯ ರೇಷ್ಮೆ ಸೀರೆಯ ತುಂಡನ್ನು ಕೌದಿಗೆ ಸೇರಿಸುವಾಗ ನಾನು ಮಾಡುವುದು ಇದನ್ನೇ. ಆ ಬಟ್ಟೆಗೆ ನೀರೂ ತಾಗುವುದಿಲ್ಲ, ಬಣ್ಣವೂ ತಾಗುವುದಿಲ್ಲ, ಇಸ್ತ್ರಿಯ ಬಿಸಿಯೂ ಬೇಕಿಲ್ಲ.

ಹಾಗಾದರೆ ಯಾವುದು?

ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ. ಮೊದಲ ಸಲ ಮಾಡುತ್ತಿದ್ದೀರಾ, ತಿಳಿ ಬಣ್ಣದ ಹತ್ತಿಬಟ್ಟೆಯಾ? ಕಿಟಕಿಯ ಗಾಜು, ನೀಲಿ ಪೆನ್, ಪ್ರತಿ ಚೌಕವೂ ಇಸ್ತ್ರಿಗೆ ಮೊದಲು ನೀರಿಗೆ. ಗೆರೆಯನ್ನು ಪೂರ್ತಿ ಮುಚ್ಚುವ ಹೊಲಿಗೆಯಾದರೆ ಪೆನ್ಸಿಲ್ ಸಾಕು, ಖರ್ಚೂ ಇಲ್ಲ. ಒಂದೇ ಡಿಸೈನ್ ಐದಾರು ಚೌಕಕ್ಕಿಂತ ಜಾಸ್ತಿ ಇದ್ದರೆ ಒಂದು ಸಂಜೆ ಕೂತು ಹಾಳೆ ಚುಚ್ಚಿಕೊಳ್ಳಿ. ಕಡು ಬಣ್ಣಕ್ಕೆ ಸೀಮೆಸುಣ್ಣದ ಪುಡಿ ಅಥವಾ ಬಿಳಿ ಕಾರ್ಬನ್, ಡಿಸೈನ್ ತುಂಬ ಸೂಕ್ಷ್ಮವಾಗಿದ್ದರೆ ಕರಗುವ ಹಾಳೆ. ರೇಷ್ಮೆಗೆ ಟಿಶ್ಯೂ. ಎಲ್ಲಿಗೆ ಹೋಗುತ್ತದೆ, ಯಾರು ತೊಳೆಯುತ್ತಾರೆ ಗೊತ್ತಿಲ್ಲದ ಉಡುಗೊರೆ ಕೌದಿಗೆ ಬಿಸಿಗೆ ಮಾಯವಾಗುವ ಪೆನ್ ಬೇಡ.

ಯಾವುದನ್ನೇ ಆರಿಸಿ, ಚೌಕವನ್ನು ದೊಡ್ಡದಾಗಿ ಕತ್ತರಿಸಿಕೊಳ್ಳಿ. 12 ಇಂಚಿನ ಚೌಕ ಬೇಕಾದರೆ ನಾನು 14 ಇಂಚು ಕತ್ತರಿಸುತ್ತೇನೆ. ಹೊಲಿಗೆಯ ಎಳೆತಕ್ಕೆ ಬಟ್ಟೆ ಸ್ವಲ್ಪ ಸೇದುತ್ತದೆ, ಬಟ್ಟೆ ಬಿಗಿಯಾಗಿ ಹಿಡಿಯುವ ಕಸೂತಿ ರಿಂಗ್ ಹಾಕಿದ ಅಂಚು ಎಳೆ ಬಿಡುತ್ತದೆ, ತೊಳೆದಾಗ ಇನ್ನಷ್ಟು ಕುಗ್ಗುತ್ತದೆ. ಕಸೂತಿ ಮುಗಿಸಿ, ತೊಳೆದು, ಒಣಗಿಸಿ, ಮೆತ್ತನೆ ಟವಲಿನ ಮೇಲೆ ಬೋರಲು ಹಾಕಿ ಹಿಂಬದಿಯಿಂದ ಇಸ್ತ್ರಿ ಮಾಡಿದ ಮೇಲೆ, ಡಿಸೈನ್ ನಡುವಿಗೆ ಬರುವಂತೆ ಅಳೆದು 12½ ಇಂಚಿಗೆ ಕತ್ತರಿಸಿ. ಅರ್ಧ ಇಂಚು ಜೋಡಣೆಗೆ ಹೋಗುತ್ತದೆ. ಹೊಸ ಬಟ್ಟೆಯನ್ನು ಡಿಸೈನ್ ಇಳಿಸುವ ಮೊದಲೇ ಒಮ್ಮೆ ತೊಳೆದಿಟ್ಟರೆ ಗಂಜಿಯೂ ಹೋಗಿ ಪೆನ್ ಸರಿಯಾಗಿ ಓಡುತ್ತದೆ.

ದಾರವನ್ನೂ ಪರೀಕ್ಷಿಸಿ. ಕೆಂಪು, ಕುಂಕುಮ, ಕಡುನೀಲಿ ದಾರದ ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮಡಿಕೆಯಲ್ಲಿಟ್ಟು ಒತ್ತಿದರೆ ಬಣ್ಣ ಬಿಡುವುದು ಆಗಲೇ ಗೊತ್ತಾಗುತ್ತದೆ. ನೀಲಿ ಗೆರೆ ಹೋಗಲಿ ಅಂತ ನೆನೆಸಿದ ಚೌಕಕ್ಕೆ ಕೆಂಪು ಹರಡಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಪರೀಕ್ಷೆಗೆ ನನ್ನ ಹೊಲಿಗೆ ಡಬ್ಬಿಯಲ್ಲಿ ಒಂದು ಪಟ್ಟಿ ಬಟ್ಟೆ ಸದಾ ಇರುತ್ತದೆ. ಹೊಸ ಪೆನ್, ಹೊಸ ಕಾರ್ಬನ್ ತಂದಾಗಲೆಲ್ಲ ಕೌದಿಯ ಅದೇ ಬಟ್ಟೆಯ ಚೂರಿನ ಮೇಲೆ ನಾಲ್ಕು ಗೆರೆ ಎಳೆದು ನಾಲ್ಕಾಗಿ ಕತ್ತರಿಸುತ್ತೇನೆ. ಒಂದು ತಣ್ಣೀರಿಗೆ, ಒಂದು ಇಸ್ತ್ರಿ ಆದ ಮೇಲೆ ನೀರಿಗೆ, ಒಂದು ಒಂದು ವಾರ ಕಿಟಕಿಯ ಬಿಸಿಲಿಗೆ, ಒಂದು ಇಸ್ತ್ರಿ ಆದ ಮೇಲೆ ಫ್ರೀಜರ್‌ಗೆ. ಪೆನ್ನಿನ ಡಬ್ಬದ ಮೇಲೆ ಏನು ಬರೆದಿದ್ದರೂ ಸರಿ, ನನ್ನ ಬಟ್ಟೆಯ ಮೇಲೆ ಅದು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ಈ ನಾಲ್ಕು ಚೂರಿನಲ್ಲಿ ಕಾಣುತ್ತದೆ.

ಕೊನೆಯ ಗೆರೆ: ಮೂರು ಪದರ ಸೇರಿಸುವ ಹೊಲಿಗೆಗೆ

ಕಸೂತಿ ಮುಗಿದು, ಚೌಕಗಳು ಜೋಡಣೆಯಾಗಿ, ಮೂರು ಪದರ ಸೇರಿಸಿ ಹೊಲಿಯುವಾಗ ಮತ್ತೆ ಗೆರೆ ಬೇಕಾಗುತ್ತದೆ. ಇಲ್ಲಿ ದಾರ ಗೆರೆಯನ್ನು ಮುಚ್ಚುವುದಿಲ್ಲ. ಕೌದಿಯ ಹೊಲಿಗೆ ಬಿಡಿ ಬಿಡಿ, ನಡುವೆ ಬಟ್ಟೆ ಕಾಣುತ್ತದೆ. ಅದಕ್ಕೆ ಈ ಹಂತಕ್ಕೆ ಆದಷ್ಟೂ ಬಣ್ಣವೇ ಇಲ್ಲದ ಗುರುತು ಹಾಕಿ. ನೇರ ಗೆರೆಗೆ ಕಾಗದದ ಟೇಪ್ ಅಂಟಿಸಿ ಅದರ ಪಕ್ಕ ಹೊಲಿಯಬಹುದು. ರಾತ್ರಿ ಮಲಗುವ ಮೊದಲು ಕಿತ್ತುಬಿಡಿ, ದಿನಗಟ್ಟಲೆ ಬಿಟ್ಟರೆ ಅಂಟು ಉಳಿಯುತ್ತದೆ. ಬಾಗಿದ ಗೆರೆಗೆ ಮೊಂಡು ಸೂಜಿಯ ಬೆನ್ನಿನಿಂದ ಒತ್ತಿ ಎಳೆದರೆ ಹತ್ತಿಯ ಮೇಲೆ ಮಡಿಕೆಯಂಥ ಗೀರು ಬೀಳುತ್ತದೆ, ಒಂದು ಗೆರೆ ಹೊಲಿಯುವವರೆಗೆ ಅದು ನಿಲ್ಲುತ್ತದೆ.

ಕಡು ಬಟ್ಟೆಗೆ ನಾನು ಸವೆದ ಮೈಸೋಪಿನ ಚೂರು ಇಟ್ಟುಕೊಂಡಿರುತ್ತೇನೆ. ಬಿಸಿಲಿನಲ್ಲಿ ಎರಡು ದಿನ ಒಣಗಿಸಿ, ಅಂಚನ್ನು ಚಾಕುವಿನಲ್ಲಿ ಹೆರೆದು ಚೂಪು ಮಾಡಿದರೆ ಬಿಳಿ ಗೆರೆ ಸಣ್ಣಗೆ ಬೀಳುತ್ತದೆ. ಬಿಳಿ ಸೋಪೇ ಇರಲಿ, ಎಣ್ಣೆ ಅಥವಾ ಕ್ರೀಮ್ ಹಾಕಿದ ಸೋಪು ಬೇಡ, ಜಿಡ್ಡು ಉಳಿಯುತ್ತದೆ. ಮೊದಲ ಸಲ ತೊಳೆದಾಗ ಗೆರೆ ನೀರಿನ ಜೊತೆ ಹೋಗುತ್ತದೆ.